ಯಮನೂರಮ್ಮನ ಬುತ್ತಿ

“ಆಯಿ, ಖರೇ ಹೇಳ್ತೀನಿ ಕೇಳು. ಎಲ್ಲಾರೂ ‘ಮೈ ಇಳಿಸು, ಮೈ ಇಳಿಸು’ ಅಂತಿದ್ರು. ಮೈ ಏನು ತಲಿ ಮ್ಯಾಲಿನ ಮೇವಿನ ಹೊರಿ ಏನು, ಇಳಿಸಿ ಬದುವಿನ ಮ್ಯಾಲೆ ಒಗದು ಮನಿಗೆ ಹೋಗಾಕ? ಮುಂಜಾನೆ ಕಣ್ಣು ಬಿಡ್ತಿದ್ದೆ, ತಗಡಿನ ತೂತಿನಾಗಿಂದ ಬಿಸಿಲು ಬೀಳೋದು ನೋಡಕೋಂತ ಮಕ್ಕೊಂಡಿರ್ತಿದ್ದೆ. ಏಳಬೇಕು ಅಂತ ಗೊತ್ತಿತ್ತು. ಕಸ ಹೊಡದಿಲ್ಲ, ಎಮ್ಮಿ ಒದರಾಕ ಹತ್ತೈತಿ, ಅತ್ತಿ ಒಬ್ಬಾಕೇ ಒಲಿ ಮುಂದ ಕುಂತಾಳ, ಎಲ್ಲಾ ಗೊತ್ತಿತ್ತು. ಗೊತ್ತಿದ್ರೇನಾತು? ಕಾಲು ನನ್ನವು ಅಲ್ಲ ಅನ್ನಂಗ ಬಿದ್ದಿರ್ತಿದ್ವು. ನಡಿ ಅಂತಾರ. ನಡ್ಯಾಕ ಕಸುವು ಬೇಕು. ಕಸುವು ಬರಾಕ ನಡೀಬೇಕಂತ. ಬಾವ್ಯಾಗ ಬಿದ್ದಾಕಿಗೆ ‘ಮ್ಯಾಲೆ ಬಂದು ಹಗ್ಗ ತಗೊಂಡು ಹೋಗು’ ಅಂದಂಗ ಆತು. ನಾಳಿಂದ ಅಂತಿದ್ದೆ. ಸ್ವಾಮಾರದಿಂದ ಅಂತಿದ್ದೆ. ಅಮಾಸಿ ಆಗಲಿ ಅಂತಿದ್ದೆ. ಎಷ್ಟು ಅಮಾಸಿ ಹೋದ್ವೋ. ನಾ ಮೈಗಳ್ಳಿ ಅಲ್ಲ ಆಯಿ, ನಿನಗ ಗೊತ್ತೈತಿ. ಒಂದು ಕಾಲಕ್ಕ ಈ ಮರಳಿ ಗದ್ದ್ಯಾಗ ನನ್ನ ಸಮ ಸಸಿ ಹಚ್ಚಾಕಿ ಯಾರಿದ್ರು? ಅಂಥಾಕಿ ಹಿಂಗಾದೆ ಅಂತ ನಾಚಿಕಿ. ನಾಚಿಕಿಗೆ ಮತ್ತ ಮಕ್ಕೋತಿದ್ದೆ. ನನ್ನ ಎಬ್ಬಿಸಿದ್ದು ಇಷ್ಟಗಲದ್ದೊಂದು ಸ್ಟೀಲ್ ಡಬ್ಬಿ. ಅದನ್ನ ಕಟ್ಟಿ ಮ್ಯಾಲೆ ಇಟ್ಟು ಹೋದಾಕಿ ಯಮನೂರಕ್ಕ. ಬರಿಯೋದಾದ್ರ ಅಕಿ ಹೆಸರು ಮೊದಲು ಬರಿ, ನಂದು ಆಮ್ಯಾಲೆ.”

ಅವಳು ಹೇಳಿದಂತೆಯೇ ಯಮನೂರಮ್ಮನ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ.

ಇಷ್ಟು ಹೇಳಿದವಳು ಕಳಕಮ್ಮ. ಮರಳಿಯಲ್ಲಿ ನನ್ನ ಕಟ್ಟೆಗೆ ಎದುರಿನ ಕಟ್ಟೆ ಅವಳದು. ನಡುವೆ ಒಂದು ಬಂಡಿ ಹೋಗುವಷ್ಟು ದಾರಿ. ಆ ಮನೆಯಲ್ಲಿ ಕೆಮ್ಮಿದರೂ ನನಗೆ ಕೇಳಿಸುತ್ತದೆ. ಅವಳಿಗೆ ಈಗ ಮೂವತ್ತೊಂಬತ್ತು. ತವರು ಯಲಬುರ್ಗಾದ ಆಚೆ ಒಂದು ಸಣ್ಣ ಊರು. ಕರಿ ಭೂಮಿ, ಜೋಳ, ಕಡಲೆ. ಗದ್ದೆಯ ಕೆಸರನ್ನೇ ಕಾಣದ ಹುಡುಗಿ ದುರಗೇಶನನ್ನು ಮದುವೆಯಾಗಿ ಈ ಕಾಲುವೆ ಸೀಮೆಗೆ ಬಂದಳು. ದುರಗೇಶ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ. ಮನೆಯಲ್ಲಿ ಅವನ ತಾಯಿ ಹೊಳಿಯಮ್ಮ, ಒಂದು ಎಮ್ಮೆ. ಮಗಳು ಸುರೇಖಾ ಕೊಪ್ಪಳದ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ.

ಕಳಕಮ್ಮನಿಗೆ ಭತ್ತದ ನಾಟಿ ಕಲಿಸಿದವಳು ಯಮನೂರಮ್ಮ. ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಗದ್ದೆಯಲ್ಲಿ ಹನ್ನೆರಡು ಜನರೂ ಸಾಲಾಗಿ ಬಗ್ಗಿ ನಿಂತು, ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಯಾರಾದರೂ ಹಿಂದುಳಿದರೆ ಅಕ್ಕಪಕ್ಕದವರು ಬೇಗ ಬೇಗ ಹಚ್ಚಿ, ಅವಳ ಬೆನ್ನ ಹಿಂದೆಯೂ ಸಸಿ ಕೂಡಿಸಿ, ನಡುವೆ ಸಿಕ್ಕಿಸಿಬಿಡುತ್ತಾರೆ. ಇದಕ್ಕೆ ಗೂಡು ಹಾಕುವುದು ಎನ್ನುತ್ತಾರೆ. ಗೂಡಿಗೆ ಬಿದ್ದವಳು ಒಂದು ಸಸಿಯನ್ನೂ ತುಳಿಯದೆ ಕಾಲೆತ್ತಿ ಆಚೆ ಬರಬೇಕು, ಸಂಜೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತಿನ್ನಿಸಬೇಕು. ಕಳಕಮ್ಮ ಬಂದ ಮೂರನೆಯ ವರ್ಷದಿಂದ ಅವಳೇ ಬೇರೆಯವರಿಗೆ ಗೂಡು ಹಾಕುತ್ತಿದ್ದಳು. ಅವಳಿಗೆ ಯಾರೂ ಹಾಕಿರಲಿಲ್ಲ. ಹೊರಗಿನಿಂದ ಬಂದ ಹೆಣ್ಣಿಗೆ ಈ ಊರಿನಲ್ಲಿ ನನ್ನದು ಎಂದು ಒಂದು ಜಾಗ ಸಿಕ್ಕಿದ್ದರೆ ಅದು ಆ ಪಟ್ಟಿ.

ಆಮೇಲೆ ಮುಟ್ಟಿನ ಕಾಟ ಹೆಚ್ಚಾಯಿತು, ರಕ್ತ ಬಹಳ ಹೋಗುತ್ತಿತ್ತು. ಎರಡು ವರ್ಷ ಸಹಿಸಿದಳು. ಕಡೆಗೆ ಸಂಕ್ರಾಂತಿ ಕಳೆದ ಮೇಲೆ ಗರ್ಭಕೋಶ ತೆಗೆದರು.

ತಪ್ಪು ಶುರುವಾದದ್ದು ಇಲ್ಲಿ, ಮತ್ತು ಅದು ಪ್ರೀತಿಯಿಂದ ಆದ ತಪ್ಪು. ಆಪರೇಷನ್ ಆದವಳಿಗೆ ಹೇಗೆ ಆರೈಕೆ ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ನಮಗೆ ಗೊತ್ತಿರುವುದು ಬಾಣಂತನ ಒಂದೇ. ಹೊಳಿಯಮ್ಮ ಸೊಸೆಗೆ ಬಾಣಂತನವನ್ನೇ ಮಾಡಿದಳು. ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ದಿನಕ್ಕೆರಡು ಅಂಟಿನ ಉಂಡೆ, ಅನ್ನದ ಮೇಲೆ ತೇಲುವಷ್ಟು ತುಪ್ಪ, ಸಂಜೆಗೆ ಶಾವಿಗೆ ಪಾಯಸ. ಹೊಸಿಲು ದಾಟುವಂತಿಲ್ಲ, ಕಸಬರಿಗೆ ಮುಟ್ಟುವಂತಿಲ್ಲ. ನಾನೂ ಸುಮ್ಮನಿರಲಿಲ್ಲ, ಒಣ ಕೊಬ್ಬರಿ, ಉತ್ತತ್ತಿ ಹಾಕಿ ಒಂದು ಡಬ್ಬಿ ಉಂಡೆ ಕಟ್ಟಿ ಕೊಟ್ಟಿದ್ದೆ. ಬಾಣಂತಿಯಾದರೆ ಮಗು ಹಾಲು ಕುಡಿಯುತ್ತದೆ, ಅಳುತ್ತದೆ, ತಾಯಿಯನ್ನು ಎಬ್ಬಿಸುತ್ತದೆ. ಇವಳನ್ನು ಎಬ್ಬಿಸಲು ಯಾರೂ ಇರಲಿಲ್ಲ. ಒಂದೂವರೆ ತಿಂಗಳು ಎಂದದ್ದು ಐದು ತಿಂಗಳಾಯಿತು. ಕುಪ್ಪಸದ ಹೊಲಿಗೆ ಎರಡು ಸಲ ಬಿಚ್ಚಿದರು. ಮೂರನೆಯ ಸಲ ಬಿಚ್ಚಲು ಹೊಲಿಗೆಯೇ ಉಳಿದಿರಲಿಲ್ಲ.

ಕಾಲುವೆಗೆ ನೀರು ಬಿಟ್ಟರು. ನಾಟಿ ಬಂತು. ಕಳಕಮ್ಮ ಸೀರೆ ಎತ್ತಿ ಕಟ್ಟಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಅವಳ ಸುತ್ತ ಸಸಿ ಕೂಡಿತು.

“ಏ ಕಳಕಿ, ಗೂಡಿಗೆ ಬಿದ್ದಿ! ಇಷ್ಟು ವರ್ಷದ್ದು ಬಡ್ಡಿ ಸಮೇತ ಮಿರ್ಚಿ ತಿನಸಬೇಕು ಇವತ್ತ!” ಎಂದು ಎಲ್ಲರೂ ನಕ್ಕರು. ಅವಳೂ ನಕ್ಕಳಂತೆ. ನಗುತ್ತಲೇ ಬಲಗಾಲು ಎತ್ತಲು ನೋಡಿದಳು. ಬರಲಿಲ್ಲ. ಎಡಗಾಲು ಎತ್ತಲು ಹೋಗಿ, ಆಯ ತಪ್ಪಿ ಕೆಸರಿನಲ್ಲಿ ಕುಳಿತುಬಿಟ್ಟಳು. ಸಸಿಗಳೆಲ್ಲ ಅವಳ ಕೆಳಗೆ ಹೋದವು.

“ಗಂಡನ ಟ್ರ್ಯಾಕ್ಟರ್ ಕರಸಬೇಕೇನವ್ವಾ?” ಎಂದಳು ಒಬ್ಬಳು.

ಆಗ ಯಾರೂ ನಗಲಿಲ್ಲ. ಮೂವರು ಸೇರಿ ಅವಳನ್ನು ಎಳೆದು ಬದುವಿಗೆ ತಂದರು.

ಅಂದು ಸಂಜೆ ಯಮನೂರಮ್ಮ ಕಳಕಮ್ಮನ ಕಟ್ಟೆಯ ಮುಂದೆ ಬಂದು ನಿಂತಳು. ಕೂರು ಎಂದರೂ ಕೂರಲಿಲ್ಲ. ಅವಳು ಸಣ್ಣ ಆಳು, ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ.

“ಕಳಕಿ, ನಿನ್ನ ಪಟ್ಟಿ ನಿನಗ ಐತಿ. ಬರೋ ವರ್ಷ ಮುಂಗಾರಿಗೆ ಕಾಲುವಿಗೆ ನೀರು ಬಿಟ್ಟಾಗ ಬಂದು ನಿಂದ್ರು. ಅಲ್ಲಿ ತನಕ ಹನ್ನೊಂದು ಮಂದಿ ನಾವು ಅದನ್ನ ತುಂಬಿಸ್ತೀವಿ. ಆಗೂ ಆಗಲಿಲ್ಲ ಅಂದ್ರ ಸಾಣಾಪುರದಾಕಿ ಒಬ್ಬಾಕಿ ಕೇಳಾಕ ಹತ್ತ್ಯಾಳ, ಅಕಿಗೆ ಕೊಡ್ತೀನಿ. ನನಗ ಬ್ಯಾರೆ ದಾರಿ ಇಲ್ಲ.”

ಕಳಕಮ್ಮ ತಲೆಯಾಡಿಸಿದಳು. ಎದ್ದು ನಿಲ್ಲಬೇಕೆಂದು ಅವಳಿಗೆ ಅನ್ನಿಸಿತ್ತು. ಎದ್ದಿದ್ದರೆ ಕಣ್ಣೀರು ಕಾಣುತ್ತಿತ್ತು ಎಂದು ಆಮೇಲೆ ನನಗೆ ಹೇಳಿದಳು.

ಒಂದು ವರ್ಷ ಎಂದರೆ ಬಹಳ ದಿನ ಎಂದುಕೊಂಡೆವು. ದಸರೆಯವರೆಗೆ ಅವಳು ಹೊಸಿಲು ಬಿಟ್ಟು ಹೆಚ್ಚು ಬರಲಿಲ್ಲ. ಆಮೇಲೆ ಒಂದು ದಿನ ಮೊಬೈಲಿನಲ್ಲಿ ಯಾರೋ ಹೇಳಿದರೆಂದು ಬೆಳಗಿನ ಊಟ ಬಿಟ್ಟಳು. ಬಿಸಿನೀರು, ನಿಂಬೆಹುಳಿ, ಜೇನುತುಪ್ಪ, ಮಧ್ಯಾಹ್ನದವರೆಗೆ ಅಷ್ಟೇ. ಎರಡು ಗಂಟೆಗೆ ಹಸಿವು ತಡೆಯಲಾರದೆ ಎರಡು ಪಾಲು ಅನ್ನ ಉಣ್ಣುವಳು. ಹನ್ನೆರಡನೆಯ ದಿನ ನೀರಿನ ಕೊಡದ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ಕೊಡ ಉರುಳಿದ ಸದ್ದಿಗೆ ನಾನು ಓಡಿಹೋದೆ.

ದುರಗೇಶ ಅವಳನ್ನು ಗಂಗಾವತಿಯ ದವಾಖಾನೆಗೆ ಕರೆದೊಯ್ದ. ಅಲ್ಲಿ ಒಬ್ಬ ಹೆಣ್ಣು ಡಾಕ್ಟರು ಇದ್ದರು. ರಕ್ತ ತಪಾಸಣೆ ಮಾಡಿಸಿ, ಚೀಟಿ ನೋಡಿ ಅವರು ಕೇಳಿದರಂತೆ, “ಎಷ್ಟು ದಿನದಿಂದ ಹಿಂಗ ಸುಸ್ತು?”

“ಸುಸ್ತಲ್ರೀ ಮೇಡಮ್, ನಂದು ಮೈಗಳ್ಳತನ. ಏಳಾಕ ಮನಸ್ಸ ಆಗಾಂಗಿಲ್ಲ.”

“ಯಾರು ಹೇಳಿದ್ರು ಮೈಗಳ್ಳತನ ಅಂತ? ನಿನ್ನ ಮೈಯಾಗ ಇರಬೇಕಾದ ರಕ್ತ ಇಲ್ಲ. ಆಪರೇಷನ್ನಿಗಿಂತ ಮೊದಲು ಎರಡು ವರ್ಷ ಹೋಗಿದ್ದು ಇನ್ನೂ ತುಂಬಿಲ್ಲ. ಇಷ್ಟು ಕಡಿಮಿ ಇದ್ರ ಎಂಥಾಕಿಗೂ ಏಳಾಕ ಆಗಾಂಗಿಲ್ಲ. ಮೊದಲು ರಕ್ತ, ಆಮ್ಯಾಲೆ ತೂಕ. ಹೊಟ್ಟಿ ಕಟ್ಟಬ್ಯಾಡ.”

ಆ ಮಾತಿಗೆ ಅವಳು ಅಲ್ಲಿಯೇ ಅತ್ತಳು. ಮೈಯಲ್ಲಿ ಕಸುವಿಲ್ಲದ್ದು ತನ್ನ ತಪ್ಪಲ್ಲ ಎಂದು ಅಷ್ಟು ದಿನದಲ್ಲಿ ಮೊದಲು ಹೇಳಿದವರು ಅವರು. ಅವರ ಹೆಸರು ಕೇಳಿಕೊಳ್ಳಲು ದುರಗೇಶ ಮರೆತ. ಆದರೂ ಇಂದಿಗೂ ದೀಪ ಹಚ್ಚುವಾಗ ಕಳಕಮ್ಮ ‘ಆ ಮೇಡಮ್ಮಗ ಛಲೋ ಆಗಲಿ’ ಎನ್ನುವುದು ನನ್ನ ಕಿವಿಗೆ ಬೀಳುತ್ತದೆ.

ಕಬ್ಬಿಣದ ಗುಳಿಗೆ ಕೊಟ್ಟರು; ಅದರ ಜೊತೆ ಚಹಾ ಕುಡಿಯಬಾರದು ಎಂದರು. ಹೊತ್ತಿಗೆ ಸರಿಯಾಗಿ ಉಣ್ಣು, ಅನ್ನ ಕಡಿಮೆ ಮಾಡಿ ಕಾಳು, ಸೊಪ್ಪು ಹೆಚ್ಚು ಮಾಡು, ಸಿಹಿ ಬಿಡು, ಆಗುವಷ್ಟೇ ನಡೆ ಎಂದರು.

ಹೊಳಿಯಮ್ಮ ಅಂದು ನನ್ನ ಕಟ್ಟೆಗೆ ಬಂದು ಕುಳಿತು, “ನಾನೇ ತಿನಿಸಿ ತಿನಿಸಿ ಸೊಸಿನ್ನ ಕೆಡಿಸಿದೆ” ಎಂದು ಸೆರಗು ಕಣ್ಣಿಗೆ ಒತ್ತಿಕೊಂಡಳು. ಎದುರಿನಿಂದ ಕಳಕಮ್ಮ ಕೂಗಿದಳು:

“ಅತ್ತಿ, ಆ ಉಂಡಿ ನಾ ಸಾಯೋ ತನಕ ಮರಿಯಾಂಗಿಲ್ಲ. ನಿನ್ನ ಬಾಣಂತನದಾಗ ನಿನಗೊಬ್ರೂ ಒಂದು ಉಂಡಿ ಕೊಡಲಿಲ್ಲಂತ ನೀನ ಹೇಳಿದ್ದಿ. ನಿನಗ ಸಿಗದಿದ್ದದ್ದು ನನಗ ಕೊಟ್ಟಿ. ಈಗ ಅಳೋದು ಬಿಟ್ಟು ರೊಟ್ಟಿ ಬಡಿಯೋದು ಕಲಿ.”

ಈ ಸೀಮೆಯ ಮನೆಗಳಲ್ಲಿ ಮೂರು ಹೊತ್ತೂ ಅನ್ನ. ಕಳಕಮ್ಮನ ಅಣ್ಣ ಹುಚ್ಚೀರಪ್ಪ ಯಲಬುರ್ಗಾದಿಂದ ಒಂದು ಚೀಲ ಜೋಳವನ್ನು ಬಸ್ಸಿನಲ್ಲಿ ಹೇರಿಕೊಂಡು ಬಂದ. “ಅಕ್ಕಿ ಊರಿಗೆ ಜ್ವಾಳ ಒಯ್ತೀಯೇನಪಾ ಅಂತ ಕಂಡಕ್ಟರ್ ನಕ್ಕ. ನಮ್ಮ ತಂಗಿಗೆ ಔಷಧ ಅಂದೆ” ಎಂದ. ಕಳಕಮ್ಮನಿಗೆ ಅಷ್ಟು ಹೊತ್ತು ಕುಳಿತು ಬಡಿಯುವ ಕಸುವಿರಲಿಲ್ಲ. ಅರವತ್ತೈದರ ಹೊಳಿಯಮ್ಮ ರೊಟ್ಟಿ ಬಡಿಯಲು ಕುಳಿತಳು. ಮೊದಲ ದಿನದ ರೊಟ್ಟಿ ಹರಿದು ಮೂರು ತುಂಡಾಗಿ ಹಂಚಿಗೆ ಬಿತ್ತು.

“ಅತ್ತಿ, ಇದು ರೊಟ್ಟಿ ಅಲ್ಲ, ಮೂರು ಅಣ್ತಮ್ಮಂದಿರು ಪಾಲು ಮಾಡಿಕೊಂಡ ಹೊಲ!” ಎಂದು ಕಳಕಮ್ಮ ನಕ್ಕಳು. ಆ ಮನೆಯಿಂದ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. ನಾನು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದೆ.

ಗುಳಿಗೆಯಿಂದ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಆದರೆ ನಡೆಯುವುದು ಮಾತ್ರ ಆಗಲಿಲ್ಲ. ಓಣಿಯ ತುದಿಯವರೆಗೆ ಎರಡು ದಿನ ಹೋದಳು, ಮೂರನೆಯ ದಿನ ಬಿಟ್ಟಳು. “ಸುಮ್ಮನ ಹೋಗಿ ಸುಮ್ಮನ ಬರೋದು ಯಾಕ ಆಯಿ? ಏನು ಕೆಲಸ ಇಟ್ಟೈತಿ ಅಲ್ಲಿ?” ಎಂದಳು. ನಾವು ಕೆಲಸವಿಲ್ಲದೆ ನಡೆದ ಜನ ಅಲ್ಲ.

ಬೇಸಿಗೆ ಬೆಳೆಯ ನಾಟಿ ಶುರುವಾಯಿತು. ಚಳಿ ಇತ್ತು. ಒಂದು ಬೆಳಗ್ಗೆ ಗುಂಪು ದಾರಿಯಲ್ಲಿ ಹೋಗುವಾಗ ಯಮನೂರಮ್ಮ ಹೊರಳಿ ಬಂದು, ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಡಬ್ಬಿಯನ್ನು ಕಳಕಮ್ಮನ ಕಟ್ಟೆಯ ಮೇಲೆ ಇಟ್ಟಳು.

“ಕಳಕಿ, ಬುತ್ತಿ ಇಲ್ಲಿ ಇಟ್ಟೇನಿ. ಕಾಲುವಿ ಮೊದಲನೇ ಸೇತುವಿ ಹತ್ರ ಅದೀವಿ. ಹನ್ನೆರಡಕ್ಕ ತಗೊಂಡು ಬಾ.”

“ಯಾಕಕ್ಕ, ನೀನ ಹಿಡಕೊಂಡು ಹೋದ್ರ ಕೈ ಸವೀತೈತೇನು?”

“ಸವೀತೈತಿ. ತಂದ್ರ ಉಣ್ತೀನಿ. ತರಲಿಲ್ಲ ಅಂದ್ರ ಇಲ್ಲ.”

ಹೋಗಿಬಿಟ್ಟಳು. ಕಳಕಮ್ಮ ಚೇಷ್ಟೆ ಎಂದುಕೊಂಡಳು. ಹನ್ನೊಂದಾಯಿತು. ಡಬ್ಬಿಯ ಮೇಲೆ ಬಿಸಿಲು ಬಂತು. ಹೊಳಿಯಮ್ಮ, “ನಾ ಕೊಟ್ಟು ಬರ್ಲೇನು?” ಎಂದಳು, ಅವಳ ಮೊಣಕಾಲಿಗೆ ಅದು ಆಗದ ಮಾತು. ಹನ್ನೆರಡಕ್ಕೆ ಕಳಕಮ್ಮ ಎದ್ದು ಚಪ್ಪಲಿ ಮೆಟ್ಟಿದಳು, ದಾರಿ ನೋಡಿದಳು, ಚಪ್ಪಲಿ ಬಿಟ್ಟು ಮತ್ತೆ ಕುಳಿತಳು. “ಅಷ್ಟು ಮಂದ್ಯಾಗ ಯಾರರೆ ಒಂದು ತುತ್ತು ಕೊಡ್ತಾರ ಬಿಡು ಆಯಿ” ಎಂದು ನನಗೆ ಹೇಳಿದಳು.

ಸಂಜೆ ಯಮನೂರಮ್ಮ ಬಂದಳು. ಮೊಣಕಾಲಿನವರೆಗೆ ಕೆಸರು ಒಣಗಿತ್ತು, ತುಟಿ ಬಿಳಿಚಿತ್ತು. ಡಬ್ಬಿ ಎತ್ತಿಕೊಂಡಳು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. “ಬರ್ತೀನಿ” ಎಂದಷ್ಟೇ ಹೇಳಿ ಹೋದಳು. ಹಿಂದೆ ಬಂದ ಹೆಂಗಸೊಬ್ಬಳು ನಿಂತು ಹೇಳಿದಳು: “ಎಷ್ಟು ಕರದ್ರೂ ಒಂದು ತುತ್ತು ಬಾಯಿಗೆ ಇಡಲಿಲ್ಲವ್ವಾ. ನನ್ನ ಬುತ್ತಿ ಬರ್ತೈತಿ ಅಂತ ದಾರಿ ನೋಡಿದ್ಲು. ಹಸಿದ ಹೊಟ್ಟೀಲೆ ಮಧ್ಯಾಹ್ನದ ಗದ್ದಿ ಮುಗಿಸಿದ್ಲು.”

ಆ ರಾತ್ರಿ ಕಳಕಮ್ಮ ಊಟದ ಗಂಗಾಳವನ್ನು ಆಚೆ ಸರಿಸಿದಳು. ಹೊಳಿಯಮ್ಮನೇ ಹೇಳಿದಳು, “ನೀ ಉಪಾಸ ಕುಂತ್ರ ಅಕಿ ಹೊಟ್ಟಿ ತುಂಬತೈತೇನು? ಉಣ್ಣು. ನಾಳಿ ಒಯ್ಯಾಕ ಕಸುವು ಬೇಕು.”

ಮರುದಿನ ಬೆಳಗ್ಗೆ ಡಬ್ಬಿ ಕಟ್ಟೆಯ ಮೇಲೆ ಇತ್ತು. ಹನ್ನೆರಡಕ್ಕೆ ಮುಟ್ಟಿಸಲು ಕಳಕಮ್ಮ ಹತ್ತಕ್ಕೇ ಹೊರಟಳು. ದಾರಿ ಒಂದು ಮೈಲಿಯೂ ಇಲ್ಲ. ಬೇವಿನ ಮರದ ಕೆಳಗೆ ಕುಳಿತಳು, ಗುಡಿಯ ಕಟ್ಟೆಯ ಮೇಲೆ ಕುಳಿತಳು, ಕಾಲುವೆಯ ತೂಬಿನ ಹತ್ತಿರ ಕುಳಿತಳು. ಬದುವಿಗೆ ಬಂದಾಗ ಅಷ್ಟೂ ಜನ ಬೆನ್ನೆತ್ತಿ ಕೂಗಿದರು.

“ಬಂತು, ಬುತ್ತಿ ಬಸ್ಸು ಬಂತು! ಎಷ್ಟು ಸ್ಟಾಪಿಗೆ ನಿಂತು ಬಂದ್ಯವ್ವಾ?”

“ಮೂರು.”

“ಎಕ್ಸ್‌ಪ್ರೆಸ್ ಆಗೋದು ಯಾವಾಗ?”

ಯಮನೂರಮ್ಮ ಕೈ ತೊಳೆದು ಬಂದು ಡಬ್ಬಿ ಬಿಚ್ಚಿದಳು. ಮೊದಲ ತುತ್ತನ್ನು ಕಳಕಮ್ಮನ ಬಾಯಿಗೆ ಇಟ್ಟಳು, ಎರಡನೆಯದನ್ನು ತಾನು ಉಂಡಳು. “ನಿನ್ನೆದು ಹಳಸಿತ್ತು, ಇವತ್ತಿಂದು ಛಲೋ ಐತಿ” ಎಂದಳು. ಹಿಂದಿನ ದಿನದ ಬಗ್ಗೆ ಅವಳು ಆಡಿದ್ದು ಅದೊಂದೇ ಮಾತು.

ಆಮೇಲಿನದು ದೊಡ್ಡ ಕಥೆಯಲ್ಲ. ಡಬ್ಬಿ ದಿನವೂ ಬಂತು, ದಿನವೂ ಹೋಯಿತು. ಗುಂಪು ಗದ್ದೆ ಬದಲಿಸಿದಂತೆ ದಾರಿಯೂ ಬದಲಾಯಿತು. ಒಮ್ಮೆ ಹತ್ತಿರ, ಒಮ್ಮೆ ಮೂರು ಮೈಲಿ. ಸ್ಟಾಪು ಮೂರಿದ್ದದ್ದು ಎರಡಾಯಿತು, ಒಂದಾಯಿತು. ನಾಟಿ ಮುಗಿದು ಕಳೆ ಬಂತು, ಆಮೇಲೆ ಕೆರೆ ಹೂಳೆತ್ತುವ ಉದ್ಯೋಗ ಖಾತ್ರಿ ಕೆಲಸ ಬಂತು. ಕೆಲವು ದಿನ ಅವಳಿಗೆ ಮನಸ್ಸೇ ಇರುತ್ತಿರಲಿಲ್ಲ. ಅಂಥ ದಿನ ಕಟ್ಟೆಯ ಮೇಲಿನ ಡಬ್ಬಿಯನ್ನು ಬೈಯುತ್ತ ಎತ್ತಿಕೊಳ್ಳುವಳು, “ನಿನ್ನ ಮಾರಿಗಿಷ್ಟು ಬೆಂಕಿ ಹಚ್ಚಲಿ, ನಡಿ” ಎಂದು. ಆದರೂ ಹೋಗುವಳು. ತನ್ನ ಮೈಗಾಗಿ ಏಳದವಳು ಇನ್ನೊಬ್ಬಳ ಹೊಟ್ಟೆಗಾಗಿ ಎದ್ದಳು. ಹೋದವಳು ಮೆಲ್ಲಗೆ ಕೈಯನ್ನೂ ಹಾಕತೊಡಗಿದಳು: ಒಂದು ದಿನ ನಾಟಿಯವರಿಗೆ ಸಸಿಯ ಕಟ್ಟು ಎಸೆದುಕೊಟ್ಟಳು, ಒಂದು ದಿನ ನಾಲ್ಕು ಬುಟ್ಟಿ ಮಣ್ಣು ಹೊತ್ತಳು.

ತೂಕ ನೋಡಿದ್ದು ರೇಷನ್ ಅಂಗಡಿಯ ಮುನವ್ವರನ ತಕ್ಕಡಿಯಲ್ಲಿ. ಅಕ್ಕಿ ಚೀಲ ತೂಗುವ ಕಾಟಾ ಅದು. ಮೊದಲ ಸಲ ಹತ್ತಿದಾಗ ಎಂಬತ್ತಮೂರು ಕೆಜಿ. ಮುನವ್ವರ ಪಟ್ಟಿ ತೆರೆದು, “ಅಕ್ಕಾ, ಯಾರ ಕಾರ್ಡಿಗೆ ಬರೀಲಿ ಇದನ್ನ?” ಎಂದ. ಅವಳು ಗೋಣಿಚೀಲದ ಹುರಿಯಿಂದ ಅವನಿಗೆ ಒಂದು ಬಾರಿಸಿದಳು. ಯುಗಾದಿಗೆ ಎಪ್ಪತ್ತೆಂಟು. ಅಣ್ಣನ ಮಗಳ ಮದುವೆಗೆಂದು ತವರಿಗೆ ಹೋಗಿ ಎಂಟು ದಿನ ಹೋಳಿಗೆ ಉಂಡು ಬಂದಳು, ಎಂಬತ್ತಾಯಿತು. ಅಂದು ಮುಖ ಸಪ್ಪಗೆ ಮಾಡಿ, “ಎಲ್ಲಾ ಹೊಳ್ಯಾಗ ಹೋತು ಆಯಿ” ಎಂದಳು. ಮರುದಿನ ಬೆಳಗ್ಗೆ ನೋಡಿದರೆ ಡಬ್ಬಿ ಕಟ್ಟೆಯ ಮೇಲೆ ಇತ್ತು. ಅದಕ್ಕೆ ಹೋಳಿಗೆಯ ಸುದ್ದಿ ಏನು ಗೊತ್ತು? ಎತ್ತಿಕೊಂಡು ಹೋದಳು.

ಈ ಮುಂಗಾರಿಗೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದಾಗ ಮುನವ್ವರನ ಕಾಟಾ ಎಪ್ಪತ್ತನಾಲ್ಕು ತೋರಿಸಿತು. ತೆಳ್ಳಗಾದಳು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ದಪ್ಪಗೇ ಇದ್ದಾಳೆ. ಆದರೆ ಹಳೆಯ ಕುಪ್ಪಸಕ್ಕೆ ಮತ್ತೆ ಹೊಲಿಗೆ ಬಿದ್ದಿದೆ, ದವಾಖಾನೆಯವರು ರಕ್ತ ತುಂಬಿದೆ ಎಂದಿದ್ದಾರೆ, ಎಮ್ಮೆ ಒದರುವ ಮೊದಲೇ ಏಳುತ್ತಾಳೆ.

ಮೊದಲ ನಾಟಿಯ ದಿನ ನಾನೂ ಹೋಗಿ ಬದುವಿನ ಮೇಲೆ ಕುಳಿತೆ. ಸಾಣಾಪುರದವಳೂ ಬಂದಿದ್ದಳು, ಜಾಗ ಬಿಟ್ಟರೆ ಇಳಿಯಬೇಕೆಂದು ಸೀರೆ ಎತ್ತಿ ಕಟ್ಟಿಕೊಂಡೇ. ಕಳಕಮ್ಮ ಯಮನೂರಮ್ಮನ ಪಕ್ಕದ ತನ್ನ ಪಟ್ಟಿಯಲ್ಲಿ ನಿಂತಳು. ಮಧ್ಯಾಹ್ನದವರೆಗೆ ಸರಿಯಾಗಿ ಸರಿದಳು. ಆಮೇಲೆ ನಿಧಾನವಾದಳು. ಎಡಗಡೆಯವಳು ಮುಂದಾದಳು. ಬಲಗಡೆಯಿಂದ ಅವಳ ಬೆನ್ನ ಹಿಂದೆ ಸಸಿ ಕೂಡಿಸಿ ಗೂಡು ಮುಚ್ಚಿದವಳು ಯಮನೂರಮ್ಮನೇ.

“ಗೂಡು! ಕಳಕಿಗೆ ಗೂಡು!”

ಕೂಗು ಎದ್ದು ತಟ್ಟನೆ ನಿಂತಿತು. ಎಲ್ಲರಿಗೂ ಹೋದ ವರ್ಷ ನೆನಪಾಯಿತು. ಹತ್ತಿರದವಳು ಕೈ ನೀಡಲು ಹೋದಳು. ಯಮನೂರಮ್ಮ ಕಣ್ಣು ಬಿಟ್ಟು ನೋಡಿದಳು. ಆ ಕೈ ಹಿಂದೆ ಹೋಯಿತು. ಸಾಣಾಪುರದವಳು ನನ್ನ ಪಕ್ಕದಿಂದ ಬದುವಿನ ಅಂಚಿಗೆ ಸರಿದಳು.

ಕಳಕಮ್ಮ ಸೊಂಟಕ್ಕೆ ಕೈ ಕೊಟ್ಟು ಒಂದು ಕ್ಷಣ ನಿಂತಳು. ಬಲಗಾಲು ಎತ್ತಿದಳು. ಕೆಸರು ಪಚಕ್ ಎಂದು ಬಿಟ್ಟಿತು. ಸಸಿಯ ಮೇಲಿಂದ ದಾಟಿಸಿ ಇಟ್ಟಳು. ಮೈ ಒಮ್ಮೆ ವಾಲಿತು, ನಿಂತಿತು. ಎಡಗಾಲು ಎತ್ತಿ ಇಟ್ಟಳು. ಒಂದು ಸಸಿಯೂ ಬಾಗಿರಲಿಲ್ಲ.

“ಅಕ್ಕಾ, ನೀನ ಗೂಡು ಹಾಕಿದ್ಯಲ್ಲ ನನಗ!” ಎಂದಳು, ಏದುತ್ತ.

“ಮತ್ಯಾರು ಹಾಕಬೇಕು? ಮಿರ್ಚಿ ತಿನ್ನದ ವರ್ಷಾತು” ಎಂದಳು ಯಮನೂರಮ್ಮ. ಆಮೇಲೆ ಬದುವಿನ ಕಡೆ ತಿರುಗಿ, “ತಂಗಿ, ನಮ್ಮ ಹನ್ನೆರಡೂ ತುಂಬ್ಯಾವವ್ವ. ಬ್ಯಾರೆ ಗುಂಪಿಗೆ ನಾನ ಹೇಳಿ ಹಚ್ಚತೀನಿ, ಕುಂದ್ರು, ಉಂಡು ಹೋಗು” ಎಂದು ಸಾಣಾಪುರದವಳಿಗೆ ಹೇಳಿದಳು. ಮಾತಿನಂತೆ ಎರಡೇ ದಿನದಲ್ಲಿ ಹಚ್ಚಿಕೊಟ್ಟಳು.

ಸಂಜೆ ಮಂಡಕ್ಕಿ ಮಿರ್ಚಿ ತಿಂದು ಎಲ್ಲರೂ ಬರುವಾಗ, ಕಳಕಮ್ಮನ ಕಟ್ಟೆಯ ಮುಂದೆ ಯಮನೂರಮ್ಮ ನಿಂತಳು.

“ನಾಳಿಂದ ನನ್ನ ಬುತ್ತಿ ನಾನ ತರ್ತೀನಿ. ಕೈ ಸವಿಯಾಂಗಿಲ್ಲ ಈಗ.”

“ಏನೂ ಬ್ಯಾಡ. ಡಬ್ಬಿ ಇಲ್ಲೇ ಬಿಟ್ಟು ಹೋಗು. ನಾಳಿ ನಿನಗೂ ನಮ್ಮನಿ ರೊಟ್ಟಿ.”

“ನಿಮ್ಮ ಅತ್ತಿ ಬಡದದ್ದೇನು? ತುಂಡು ಕೊಟ್ಟರ ಒಲ್ಲೆ ನೋಡು.”

“ಏ ಯಮನೂರಿ, ಈಗ ದುಂಡಗ ಬರ್ತಾವ, ಬಂದು ನೋಡು!” ಎಂದು ಒಳಗಿನಿಂದ ಹೊಳಿಯಮ್ಮ ಕೂಗಿದಳು.

ಯಮನೂರಮ್ಮ ಡಬ್ಬಿ ಕೊಟ್ಟು ಹೋದಳು. ಕಳಕಮ್ಮ ತನ್ನದೊಂದು ಡಬ್ಬಿ, ಅವಳದೊಂದು ಡಬ್ಬಿ ತೆಗೆದುಕೊಂಡು ಕಟ್ಟೆಯ ಕೆಳಗಿನ ಬಚ್ಚಲ ಕಲ್ಲಿನ ಮೇಲೆ ಕುಳಿತಳು. ಮುಚ್ಚಳದ ಅಂಚಿಗೆ ಅಂಟಿದ್ದ ಶೇಂಗಾ ಚಟ್ನಿಯನ್ನು ಉಗುರಿನಿಂದ ಕೆರೆದಳು. ಬೂದಿ ಹಾಕಿ, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿದಳು. ಎರಡು ಚೊಂಬು ನೀರು ಸುರಿದು ತೊಳೆದು, ಎರಡನ್ನೂ ಕಟ್ಟೆಯ ಮೇಲೆ ಬೋರಲು ಹಾಕಿದಳು.